ಹನ್ನೆರಡು ಅಡಿ ಬೀದಿ

"ಏನ್ರೀ, ಯಾರಪ್ಪನ ಗೋಡೆ ಅಂತ ಬಣ್ಣ ಬಳೀತಿದ್ದೀರಾ?"

ಶಿಶುವಿಹಾರದ ಟೀಚರ್ ಗೇಟನ್ನು ದಬಾರನೆ ತಳ್ಳಿಕೊಂಡು ಹೊರಬಂದಳು. ಕಾಂಪೌಂಡಿಗೆ ಕೆಂಪು ಗುರುತು ಹಾಕುತ್ತಿದ್ದವನು ಬೆಚ್ಚಿ ತಿರುಗಿದ.

"ಸರ್ವೆ, ಮೇಡಂ. ಹಿಂದಿನ ಖಾಲಿ ಜಾಗದಲ್ಲಿ ಇನ್ನೂರು ಮನೆ ಕಟ್ತಾರಂತೆ. ಅದಕ್ಕೆ ದಾರಿ..."

"ಈ ಬೀದೀಲಾ? ಎರಡು ಕಾರು ಎದುರಾದ್ರೆ ಒಂದು ಹಿಂದಕ್ಕೆ ಹೋಗ್ಬೇಕು! ನನ್ನ ಮೂವತ್ತು ಮಕ್ಕಳು ಎಲ್ಲಿ ನಡೀಬೇಕು? ನಿಮ್ಮ ತಲೆ ಮೇಲಾ?"

"ಅಳೆಯೋದು ನನ್ನ ಕೆಲಸ. ಅಳೆದದ್ದನ್ನೇ ಬರೀತೀನಿ."

ಎಷ್ಟು ತಣ್ಣಗೆ ಹೇಳಿದ! ಅವಳ ಮೈಯೆಲ್ಲ ಉರಿದುಹೋಯಿತು.

ಮರುದಿನದಿಂದ ಅವನು ಬೆಳಿಗ್ಗೆ ಬೀದಿಯ ತುದಿಯಲ್ಲಿ ನಿಂತು ಗಾಡಿ ಎಣಿಸತೊಡಗಿದ. ಒಂದು ದಿನ ನೀರಿನ ಟ್ಯಾಂಕರ್ ಹಿಂದೆ ನೋಡದೆ ರಿವರ್ಸ್ ಬಂತು. ಪುಸ್ತಕ ಬಿಸಾಡಿ ಓಡಿದವನೇ, ಎರಡು ಪುಟ್ಟ ಮಕ್ಕಳನ್ನು ಬಾಚಿ ಎತ್ತಿಕೊಂಡ.

ಅಂದು ಅವಳು ಅವನಿಗೊಂದು ಕುರ್ಚಿ ತಂದುಕೊಟ್ಟಳು. ಮಾತು ಬೆಳೆಯಿತು. ಅವನು ಬಾರದ ಭಾನುವಾರ ಬೀದಿ ಯಾಕೋ ಬಿಕೋ ಎಂದಿತು...

ಆಮೇಲೆ ಬಂತು ನಗರಸಭೆ ಅಧಿಕಾರಿ ಕರೆದ ಸಾರ್ವಜನಿಕ ಸಭೆ.

ಕಟ್ಟಡ ಕಂಪನಿಯ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು ಓದಿದ. "ಬೀದಿಯ ಅಗಲ ಇಪ್ಪತ್ತು ಅಡಿ. ಸಂಚಾರಕ್ಕೆ ತೊಂದರೆಯಿಲ್ಲ. ಸಹಿ, ನಮ್ಮ ಸರ್ವೆ ಎಂಜಿನಿಯರ್."

"ಇಪ್ಪತ್ತಾ?" ಎದ್ದು ನಿಂತದ್ದು ಅವಳ ಅಪ್ಪ. "ಮೂವತ್ತು ವರ್ಷ ಬಸ್ ಓಡಿಸಿದವನು ನಾನು. ನಮ್ಮ ಬೀದಿ ರಾತ್ರೋರಾತ್ರಿ ಬಾತ್ಕೊಂಡ್ತಾ?"

ಜನ ನಕ್ಕರು. ಅವಳಿಗೆ ನಗು ಬರಲಿಲ್ಲ. ನಂಬಿಸಿ ಕತ್ತು ಕೊಯ್ದನಲ್ಲ!

"ಎಷ್ಟಕ್ಕೆ ಮಾರಿಕೊಂಡ್ರಿ?" ಮುಂದಿನ ಸಾಲಿನಲ್ಲಿ ಕೂತಿದ್ದ ಅವನತ್ತ ತಿರುಗಿದ ಅವಳ ದನಿ ಸಭಾಂಗಣವನ್ನೇ ಸೀಳಿತು. "ಆ ಮಕ್ಕಳನ್ನ ಎತ್ತಿಕೊಂಡ ಕೈಯಲ್ಲೇ ಸಹಿ ಹಾಕಿದ್ರಾ?"

ಅವನ ಮುಖ ಕಪ್ಪಿಟ್ಟಿತು. ನೇರ ವೇದಿಕೆಗೆ ಹೋಗಿ ವರದಿ ತಿರುವಿದ.

"ಸಹಿ ನನ್ನದು. ಈ ಪುಟ ನನ್ನದಲ್ಲ. ಯಾರೋ ಬದಲಾಯಿಸಿದ್ದಾರೆ." ಚೀಲದಿಂದ ತನ್ನ ಪ್ರತಿ ತೆಗೆದು ಅಧಿಕಾರಿಯ ಮುಂದಿಟ್ಟ. "ಹನ್ನೆರಡೇ ಅಡಿ. ಇಲ್ಲಿಂದ ದಾರಿ ಕೊಡಬಾರದು, ಮುಖ್ಯರಸ್ತೆ ಕಡೆಯಿಂದ ಕೊಡಬೇಕು ಅಂತ ಬರೆದಿದ್ದೆ."

"ನಾಳೆಯಿಂದ ಕೆಲಸಕ್ಕೆ ಬರಬೇಡ!" ಮ್ಯಾನೇಜರ್ ಹಲ್ಲು ಕಡಿದ.

"ಇವತ್ತೇ ಬಿಟ್ಟೆ."

ಅಧಿಕಾರಿ ಎರಡೂ ಪುಟ ಹೋಲಿಸಿ ನೋಡಿದರು. ಈ ಬೀದಿಯಿಂದ ದಾರಿಗೆ ಅನುಮತಿ ಇಲ್ಲವೆಂದು ಅಲ್ಲೇ ಬರೆಸಿದರು. ಬೀದಿಯವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರೆ ಅವಳು ಮೆಟ್ಟಿಲಿಳಿದು, ಆಗಲೇ ಹೊರಟಿದ್ದ ಅವನ ಹಿಂದೆ ಓಡಿದಳು.

"ನಿಲ್ರೀ! ಸರಿಯಾಗೇ ಬರೆದಿದ್ದೀನಿ ಅಂತ ನನಗೆ ಮೊದಲೇ ಹೇಳೋಕೆ ಏನಾಗಿತ್ತು?"

ಮೊದಲ ಸಲ ಅವನೂ ಸಿಡಿದ. "ಅಳೆದದ್ದನ್ನೇ ಬರೀತೀನಿ ಅಂದಿದ್ದೆ! ಕೆಲಸ ಹೋದ್ರೆ ಹೋಗ್ಲಿ. ಊರವರ ಮುಂದೆ ಮಾರಿಕೊಂಡವನು ಅಂದ್ರಲ್ಲ... ಬೇರೆ ಯಾರಂದಿದ್ರೂ ತಡ್ಕೊಳ್ತಿದ್ದೆ. ನೀವು ಅಂದ್ರಿ!"

ಅವಳ ಕಣ್ಣು ತುಂಬಿತು. ಕೋಪ ಮಾತ್ರ ಇಳಿಯಲಿಲ್ಲ.

"ತಪ್ಪಾಯ್ತು!" ಎಂದು ಕೂಗಿದಳು.

"ಕ್ಷಮೆ ಕೇಳ್ತಿದ್ದೀರೋ, ಜಗಳ ಆಡ್ತಿದ್ದೀರೋ?"

"ಎರಡೂ! ದಾರೀಲಿ ಹೋಗೋರ ಮೇಲೆಲ್ಲ ನನಗೆ ಇಷ್ಟು ಕೋಪ ಬರಲ್ಲ. ಮನಸ್ಸಲ್ಲಿ ಇರೋರ ಮೇಲೆ ಮಾತ್ರ..." ನಾಲಿಗೆ ಕಚ್ಚಿಕೊಂಡಳು. ಹೇಳಿಬಿಟ್ಟಿದ್ದಳು!

ಅವನು ಒಂದು ಹೆಜ್ಜೆ ಹತ್ತಿರ ಬಂದ. "ನನ್ನ ಮನಸ್ಸಲ್ಲೂ ನೀವೇ ಇದ್ದೀರಿ. ಆದ್ರೆ ಇನ್ನೊಂದ್ಸಲ ನನ್ನ ಮಾತು ಕೇಳದೆ ತೀರ್ಮಾನ ಮಾಡಿದ್ರೆ?"

"ನೀನು ನನಗಿಂತ ಜೋರಾಗಿ ಕೂಗು."

ನೀನು! ಅವನ ತುಟಿಯಂಚಿನಲ್ಲಿ ನಗು ಇಣುಕಿತು.

"ಕೂಗ್ತೀನಿ ಕಣೇ" ಎಂದ, ಪಿಸುದನಿಯಲ್ಲಿ.