ಮಾತು ಕೇಳದ ಕಬ್ಬಿಣದ ಕೈ

"ನಮ್ಮ ಕೈ ಸತ್ತದ್ರಿ ಸಾಹೇಬರ, ಕೊಂದವರನ್ನ ಹಿಡೀರಿ!"

೨೦೦೮ರ ಚಳಿಗಾಲದ ಒಂದು ಬೆಳಿಗ್ಗೆ ಹುಮನಾಬಾದಿನ ನಿವೃತ್ತ ಫೌಜದಾರ ಗುರುಶಾಂತಪ್ಪನ ಬಾಗಿಲಲ್ಲಿ ಅಂಗಲಾಚಿದವನು ಅನೀಲಕುಮಾರ. ಬಸವಕಲ್ಯಾಣದಲ್ಲಿ ಅವನ ಸೋದರಮಾವ ಕಾಶಿರಾಮ ಮರದಿಂದ ಬಿದ್ದು, ಕುತ್ತಿಗೆಯ ಕೆಳಗೆ ಸ್ವಾಧೀನವಿಲ್ಲದೆ ಮಲಗಿದ್ದ. ಅವನಿಗಾಗಿ ಅನೀಲ ಯಂತ್ರದ ಕೈ ಕಟ್ಟಿದ್ದ. ಲೋಹದ ಬಿಲ್ಲೆ, ತಂತಿಗಳ ಟೋಪಿ ತೊಟ್ಟು ಕಾಶಿರಾಮ ಮನಸ್ಸಿನಲ್ಲೇ 'ಎತ್ತು' ಅಂದರೆ, ಮೆದುಳಿನ ಸಂಕೇತ ಹಿಡಿದು ಕೈ ಎತ್ತುತ್ತಿತ್ತು. ಇವತ್ತು ಮಾತ್ರ ಅಲ್ಲಾಡಲಿಲ್ಲ. ಇದಕ್ಕೆ ಹಣ, ಸಾಮಾನು ಕೊಟ್ಟ ಹೈದರಾಬಾದಿನ ಸಂಸ್ಥೆಯ ಪರೀಕ್ಷಕರು ಸಂಜೆ ಬರುವವರಿದ್ದರು. ಕೈ ಓಡದಿದ್ದರೆ ವಾಪಸ್ ಒಯ್ಯುತ್ತಾರೆ.

"ಪಂಡರಿ ಮಾಮಾನದೇ ಕೆಲಸ. 'ಇದು ದೆವ್ವದಾಟ' ಅಂತಿದ್ದ," ಅಂದ ಅನೀಲ.

ಫೌಜದಾರರ ಜೊತೆಗಾರ ವೈಜನಾಥನಿಗೂ ಹಾಗೇ ಅನ್ನಿಸಿತು. ಮೊದಲು ಹೆಸರು ಬಂದವನೇ ಕಳ್ಳ ಅನ್ನುವುದು ಅವನ ಹಳೆಯ ಚಟ.

ಬಸವಕಲ್ಯಾಣದ ಮನೆಯಲ್ಲಿ ಕಾಶಿರಾಮನ ತಮ್ಮ ಪಂಡರಿ ಮುಖ ಬಾಡಿಸಿಕೊಂಡು ನಿಂತಿದ್ದ, ಅಂಗೈ ತುಂಬ ಜೋಳದ ಹಿಟ್ಟು. ಮನೆಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದ ನೆರೆಮನೆಯ ಮುದುಕಿ ವಜೀರಬಿ ಚಹಾ ಕೊಟ್ಟಳು. ಕಪ್ಪಿನ ಕಿವಿ ವೈಜನಾಥನ ಬೆರಳಿನಿಂದ ಜಾರಿ ಚಹಾ ಧೋತರಕ್ಕೆ ಚೆಲ್ಲಿತು. ಗುರುಶಾಂತಪ್ಪ ನಕ್ಕ. ಆಮೇಲೆ ಅನೀಲನಿಗೇ ಟೋಪಿ ತೊಡಿಸಿದ. ಕೈ ಎದ್ದಿತು!

ಎಲ್ಲರನ್ನೂ ಕಾಶಿರಾಮನ ಮಂಚದ ಸುತ್ತ ಕೂರಿಸಿದ.

"ಅನೀಲನ ತಲಿ ಮ್ಯಾಲ ಓಡ್ತು. ಅಂದ್ರ ಟೋಪಿ, ತಂತಿ, ಕೈ ಯಾವುದೂ ಕೆಟ್ಟಿಲ್ಲ. ಉಳಿದದ್ದು ಕಾಶಿರಾಮನ ತಲಿ. ಬಿಳೇ ದಿಂಬಿನ ಮ್ಯಾಲ ಹೊಸಾ ಜಿಡ್ಡಿನ ಕಲಿ ನೋಡ್ರಿ. ಟೋಪಿ ಬಿಲ್ಲೆಗೂ ಚರ್ಮಕ್ಕೂ ನಡುವ ಎಣ್ಣಿ ಕುಂತದ, ಸಂಕೇತ ದಾಟಲಿಲ್ಲ. ಹಚ್ಚಿದವರ ಬೆರಳ ಜಿಡ್ಡು ಕಪ್ಪಿಗೂ ಹತ್ತಿತ್ತು. ನಮ್ಮ ವೈಜನಾಥನ ಧೋತರ ಸಾಕ್ಷಿ. ಪಂಡರಿ ಕೈಯಾಗ ಬರೇ ಹಿಟ್ಟದ."

ವಜೀರಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಾನೇ ಹಚ್ಚೀನ್ರಿ, ಕುಸುಬಿ ಎಣ್ಣಿ. ಒಳ್ಳೆ ದಿನ ಒಣ ತಲೀಲೆ ಕುಂದ್ರಬಾರದು ಅಂತ ದುವಾ ಮಾಡಿ ಹಚ್ಚಿದೆ. ಯಾ ಅಲ್ಲಾ, ಇದೇನಾತು!"

"ಅಳಬ್ಯಾಡ್ರಿ ಖಾಲಾ," ಅಂದ ಕಾಶಿರಾಮ. "ಹಡೆದವ್ವ ಹೋದಮ್ಯಾಲ ನನ್ನ ತಲಿಗೆ ಎಣ್ಣಿ ಇಟ್ಟವರು ನೀವೊಬ್ಬರೇ."

"ತಪ್ಪಾತು ಮಾಮಾ," ಅಂದ ಅನೀಲ, ಪಂಡರಿಯತ್ತ ತಿರುಗಿ. ಪಂಡರಿ ಬಿಸಿನೀರು, ಸೀಗೆಪುಡಿ ತಂದು ತಾನೇ ಅಣ್ಣನ ತಲೆ ತೊಳೆದ.

ಸಂಜೆ ಪರೀಕ್ಷಕರ ಎದುರು ಕಬ್ಬಿಣದ ಕೈ ತಟ್ಟೆಯಿಂದ ಕಲ್ಲುಸಕ್ಕರೆ ಎತ್ತಿ, ನಡುಗುತ್ತ ಹೋಗಿ ವಜೀರಬಿಯ ಅಂಗೈಯಲ್ಲಿ ಇಟ್ಟಿತು.

"ಇಷ್ಟು ವರ್ಷ ನೀವೆಲ್ಲಾ ಕೊಟ್ಟಿರಿ, ನಾ ತಗೊಂಡೆ," ಅಂದ ಕಾಶಿರಾಮ. "ಇವತ್ತ ನಾ ಕೊಡಾಕತ್ತೇನಿ. ತಗೋರಿ ಖಾಲಾ."

ಕೈಯನ್ನು ಒಯ್ಯುವ ಮಾತನ್ನು ಪರೀಕ್ಷಕರು ಎತ್ತಲೇ ಇಲ್ಲ. ಪಂಡರಿ ಮುಂದೆ ಬಂದು ಅಂಗೈ ಚಾಚಿದ. ಅವನ ಹಿಂದೆ ಕಣ್ಣೊರೆಸಿಕೊಳ್ಳುತ್ತ ವೈಜನಾಥನೂ ನಿಂತ.