ಮೂರನೆಯ ಕೂಗು

ಅಪ್ಪನ ದನಿ ಕೇಳಿದರೂ ಗುರುತು ಸಿಗದೆ ಹೋದರೆ? ಈ ಅಂಜಿಕೆಯನ್ನು ಇಂದುಮತಿ ಯಾರಿಗೂ ಹೇಳಿರಲಿಲ್ಲ. ಟಿಕೆಟ್ಟು ಕೊಂಡು ಪ್ರವಾಸಿಗರ ಸಾಲಿನ ಕೊನೆಯಲ್ಲಿ ನಿಂತಿದ್ದಳು.

ಹಳೆಯ ಕೋರ್ಟು ಕಚೇರಿಯ ಕಲ್ಲುಗೋಡೆಗೆ ವಿಜ್ಞಾನಿ ಡಾ. ಸರ್ವಮಂಗಳಾ ತಮ್ಮ 'ಶಿಲಾಶ್ರಾವಕ'ವನ್ನು ಒತ್ತಿ ಹಿಡಿದಿದ್ದರು. ನೋಡಲು ವೈದ್ಯರ ಸ್ಟೆತಸ್ಕೋಪಿನಂತಹ ಉಪಕರಣ. ಶಬ್ದವೆಂದರೆ ಗಾಳಿಯ ಕಂಪನ. ಅದು ಬಡಿದಾಗ ಕಲ್ಲಿನೊಳಗಿನ ಹರಳುಗಳು ಕೂದಲೆಳೆಗಿಂತ ಸೂಕ್ಷ್ಮವಾಗಿ ಜರುಗಿ ಹಾಗೆಯೇ ಉಳಿಯುತ್ತವೆ. ಆ ಜರುಗುವಿಕೆಯನ್ನು ಅಳೆದು ಶ್ರಾವಕ ಮತ್ತೆ ದನಿಯಾಗಿಸುತ್ತದೆ.

"ನಮ್ಮನೆ ಗೋಡೆಗೆ ಮಾತ್ರ ಇಡಬೇಡಿ ಮೇಡಂ," ಎಂದರು ಮುಂದಿದ್ದ ಹೆಂಗಸು. "ಅತ್ತೆ ಅಂದಿದ್ದನ್ನೆಲ್ಲ ಇನ್ನೊಂದ್ಸಲ ಕೇಳೋ ಶಕ್ತಿ ನನಗಿಲ್ಲ."

"ಒಂದು ಸಲ ಆಡಿದ್ದು ಕಲ್ಲಿಗೆ ಹತ್ತಲ್ಲ ಕಣ್ರೀ. ದಿನಾ ಆಡಿದ್ರೆ ಮಾತ್ರ."

"ಹಾಗಾದ್ರೆ ಎಲ್ಲಾ ಹತ್ತಿರತ್ತೆ ಬಿಡಿ."

ಇಂದುಮತಿಯ ಅಪ್ಪ ಇಲ್ಲಿಯ ಕೊನೆಯ ದಫೇದಾರರು. ಜಗಲಿಯಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ಅವರ ಕೆಲಸ. ಆಮೇಲೆ ಆ ಕೆಲಸಕ್ಕೆ ಹೆಸರು ತೋರಿಸುವ ಪರದೆಗಳು ಬಂದವು. ಮನೆಯಲ್ಲೂ ಮಗಳನ್ನು ಊಟಕ್ಕೆ ಹಾಗೆಯೇ ಕೂಗುತ್ತಿದ್ದರಂತೆ. ಮಹಾ ಸಂಕೋಚದ ಮಗು. ಬಾಗಿಲ ಸಂದಿಯಲ್ಲಿ ಅಡಗಿ ತುಟಿ ಬಿಚ್ಚುತ್ತಿರಲಿಲ್ಲವಂತೆ. ಮೂರನೆಯ ಕೂಗಾದ ಮೇಲೆ ಅಪ್ಪ, "ಗೈರುಹಾಜರು. ಅವಳ ಪಾಲಿನ ಹಪ್ಪಳ ಜಪ್ತಿ," ಎನ್ನುತ್ತಿದ್ದರಂತೆ. ಇದೆಲ್ಲ ಅಮ್ಮ ಹೇಳಿದ್ದು. ಅಪ್ಪ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ದನಿ ನೆನಪಿರಲಿಲ್ಲ.

ಅವಳ ಸರದಿ ಬಂತು. "ಹೆಸರು ಕೂಗ್ತಿದ್ದ ಜಾಗ... ಅಲ್ಲಿ ಇಡ್ತೀರಾ ಮೇಡಂ?"

"ಇಡಬಹುದಮ್ಮ. ಆದರೆ ಹೆಸರು ಕೇಳಿಸಲ್ಲ. ದಿನಕ್ಕೆ ಹತ್ತಾರು ಹೆಸರು, ಒಂದರ ಮೇಲೊಂದು ಬಿದ್ದು ಅಳಿಸಿಹೋಗಿವೆ. ಬದಲಾಗದ ಮಾತಷ್ಟೇ ಉಳಿದಿರೋದು. ಹೀಗಾಗತ್ತೆ ಅಂತ ನಾವ್ಯಾರೂ ಎಣಿಸಿರಲಿಲ್ಲ."

ಜಗಲಿಯ ಗೋಡೆ ಮೊದಲು ಗುಂಯ್‌ಗುಟ್ಟಿತು. ಒಂದು ಹೆಸರಿನಷ್ಟು ಉದ್ದದ ಮೌನ. ಆಮೇಲೆ ಗಂಡಸಿನ ತುಂಬು ದನಿ:

"...ಹಾಜರಿದ್ದಾರಾ?"

ಇಂದುಮತಿ ಕಿವಿಗೊಟ್ಟಳು. ಗುರುತು ಸಿಗಲಿಲ್ಲ. ಯಾರದೋ ದನಿ. ಅಂಜಿದ್ದಂತೆಯೇ ಆಯಿತು ಎಂದುಕೊಂಡಳು.

"...ಹಾಜರಿದ್ದಾರಾ?"

ಬೆನ್ನಿಗೆ ಮರದ ಹಲಗೆ ತಾಗಿತು. ನೋಡಿಕೊಂಡಳು: ತನಗರಿವಿಲ್ಲದೆಯೇ ಪಕ್ಕದ ಬಾಗಿಲ ಸಂದಿಗೆ ಸರಿದು, ಉಸಿರು ಬಿಗಿಹಿಡಿದು ನಿಂತಿದ್ದಳು.

"ಏನಾಯ್ತಮ್ಮ?" ಎಂದರು ಸರ್ವಮಂಗಳಾ.

ಅವಳು ಸಂದಿಯಿಂದ ಈಚೆ ಬಂದು ಗೋಡೆಯ ಎದುರು ನಿಂತಳು. ಮತ್ತೆ ಅದೇ ಮೌನ. ಈ ಸಲ ಅದರಲ್ಲಿ ತನ್ನ ಹೆಸರನ್ನು ತಾನೇ ಇಟ್ಟಳು.

"...ಹಾಜರಿದ್ದಾರಾ?"

"ಇದೀನಿ ಅಪ್ಪ," ಎಂದಳು, ಎಲ್ಲರಿಗೂ ಕೇಳುವಂತೆ.