ಕಿರಂಗೂರಲ್ಲಿ ನಿಂತ ಚುಕ್ಕೆ

2025ರ ನವೆಂಬರ್ 13, ಗುರುವಾರ. ಮಧ್ಯಾಹ್ನ 2.15ಕ್ಕೆ ಶೋಯಬ್ ಎಂಬ ಟ್ಯಾಕ್ಸಿ ಚಾಲಕ ಶ್ರೀರಂಗಪಟ್ಟಣದ ಠಾಣೆಗೆ ಬಂದ. ಇನ್‌ಸ್ಪೆಕ್ಟರ್ ಶಿವಶಂಕರ್ ತಮ್ಮ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಕಾರು ಕದ್ದವರನ್ನು ಕಂಡಿದ್ದರು, ಕಾರಿನ ಚಕ್ರ ಕದ್ದವರನ್ನೂ ಕಂಡಿದ್ದರು. ಕಾರನ್ನು ಇದ್ದಲ್ಲೇ ಬಿಟ್ಟು ಅದರ ಓಟವನ್ನಷ್ಟೇ ಕಸಿದವರನ್ನು ಕಂಡಿರಲಿಲ್ಲ.

"ನಿಧಾನಕ್ಕೆ ಹೇಳಪ್ಪ. ಏನಾಯ್ತು?"

"ಅಮ್ಮೀನ ಡಯಾಲಿಸಿಸ್‌ಗೆ ಪಾಂಡವಪುರದಿಂದ ಮೈಸೂರ್‌ಗೆ ಕರ್ಕೊಂಡೋಯ್ತಿದ್ದೆ ಸಾರ್. ಕಿರಂಗೂರತ್ರ ವಾಂತಿ ಬತ್ತದೆ ಅಂದ್ರು, ಹೋಟ್ಲು ಮುಂದೆ ನಿಲ್ಲಿಸ್ದೆ. ಎರಡೇ ನಿಮಿಷ. ವಾಪಸ್ ಬಂದು ಕೂತ್ರೆ ಕಾರು ಅಲ್ಲಾಡ್ಲಿಲ್ಲ. ಅಪ್‌ಡೇಟ್ ಆಗ್ತಿದೆ, ಓಡಿಸೋ ಅಂಗಿಲ್ಲ ಅಂತ ಬಂದ್ಬುಡ್ತು."

"ನೀನು ಒತ್ತಿದ್ಯಾ?"

"ಅಲ್ಲಾ ಆಣೆಗೂ ಮುಟ್ಟಿಲ್ಲ ಸಾರ್."

ಕಾರಿನ ಪರದೆಯ ಮೇಲೆ ಅಪ್‌ಡೇಟಿನ ಶೇಕಡಾವಾರು ಏರುತ್ತಿತ್ತು. ಈಗ ಮುಗಿಯುತ್ತದೆ, ಈಗ ಮುಗಿಯುತ್ತದೆ ಎಂದು ಅವನು ಇಪ್ಪತ್ತೈದು ನಿಮಿಷ ಕಾದ. ಆಟೋ ಹಿಡಿಯುವ ಹೊತ್ತಿಗೆ ತಾಯಿ ರೆಹಮತುನ್ನೀಸಾ ಉಸಿರು ಕಟ್ಟಿ ಪ್ರಜ್ಞೆ ತಪ್ಪಿದ್ದರು. ಈಗ ಮೈಸೂರಿನಲ್ಲಿ ಐಸಿಯು ಸೇರಿದ್ದರು. ಡಾಕ್ಟರು ಇನ್ನೂ ಭರವಸೆ ಕೊಟ್ಟಿರಲಿಲ್ಲ.

2.50ಕ್ಕೆ ಎಫ್‌ಐಆರ್ ದಾಖಲಾಯಿತು. 4 ಗಂಟೆಗೆ ಕಿರಂಗೂರಿನಲ್ಲಿ ಸ್ಥಳ ಪಂಚನಾಮೆ. ಹೋಟೆಲಿನ ದೇವಯ್ಯ ಪಂಚರಾಗಿ ಸಹಿ ಹಾಕಿದರು. ಕರೆಂಟಿನ ಕಾರು ಏನೂ ಅರಿಯದ ಹಸುವಿನಂತೆ ನಿಂತಿತ್ತು. ಕಾನ್‌ಸ್ಟೆಬಲ್ ಅರ್ಪಿತ ಪರದೆ ಓದಿದಳು. ಬ್ರೇಕಿನ ದೋಷ ಸರಿಪಡಿಸಲಾಗಿದೆ ಎಂದಿತ್ತು.

"ಹಂಗಾದ್ರೆ ಒಳ್ಳೇದೇ ಆಗಿದೆಯಲ್ಲಮ್ಮ?"

"ಹೌದು ಸಾರ್. ಮೊದ್ಲಾಗಿದ್ರೆ ಇದಕ್ಕೆ ಶೋರೂಮಿಗೆ ಹೋಗಿ ದಿನಗಟ್ಲೆ ಕಾಯ್ಬೇಕಿತ್ತು. ಈಗ ರಿಪೇರಿನೇ ಗಾಳೀಲಿ ಹುಡುಕ್ಕೊಂಡು ಬತ್ತದೆ. ಆದ್ರೆ ಮಾಲೀಕ ಫೋನಲ್ಲಿ ಒಪ್ಪಿಗೆ ಕೊಡ್ಬೇಕು. ಇವ್ನ ಫೋನಲ್ಲಿ ಆ ಆ್ಯಪೇ ಇಲ್ಲ."

ಒಪ್ಪಿಗೆ ಕೊಟ್ಟವರು ಯಾರು? ಕಾರಿನ ಕಂಪನಿಗೆ ಬರೆದರೆ ಮಾಲೀಕರನ್ನೇ ಕೇಳಿ ಎಂದಿತು. ಮಾಲೀಕನೇ ದೂರುದಾರ ಎಂದು ಶಿವಶಂಕರ್ ಇನ್ನೊಂದು ಪತ್ರ ಬರೆದರು, ಈ ಸಲ ಸ್ವಲ್ಪ ಖಾರವಾಗಿಯೇ. 17ರ ಸೋಮವಾರ ಬೆಳಿಗ್ಗೆ 11.30ಕ್ಕೆ ಉತ್ತರ ಬಂತು. 13ರಂದು 10.22ಕ್ಕೆ ಒಪ್ಪಿಗೆ ಕೊಟ್ಟ ಫೋನು ಕುಳ್ಳಯ್ಯ ಎಂಬವನದು. ಊರು ನಾಗಮಂಗಲ, ಸದ್ಯದ ವಾಸ ಕೆ.ಆರ್. ಪೇಟೆ.

ಶೋಯಬ್‌ಗೆ ಕಾರು ಮಾರಿದವನೇ ಈ ಕುಳ್ಳಯ್ಯ. ಏಳು ತಿಂಗಳ ಹಿಂದೆ ಆರ್‌ಸಿ ಬದಲಾಗಿತ್ತು, ಇನ್ಶೂರೆನ್ಸ್ ಬದಲಾಗಿತ್ತು, ಚಕ್ರದಡಿ ನಿಂಬೆಹಣ್ಣೂ ಒಡೆದಿತ್ತು. ಫೋನಿನೊಳಗಿನ ಮಾಲೀಕನನ್ನು ಬದಲಿಸಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಮನೆ ಮಾರಿದ ಮೇಲೂ ಬೀಗದಕೈ ಹಳಬನ ಜೇಬಿನಲ್ಲೇ ಉಳಿದಿತ್ತು.

ಸಂಜೆ 4.10. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಒಂಟಿ ಕೋಣೆ. ನಲವತ್ತಾರರ ಕುಳ್ಳಯ್ಯ ಚಾಪೆಯ ಮೇಲೆ ಕೂತಿದ್ದ. ಪೊಲೀಸರನ್ನು ಕಂಡು ಹೆದರಲಿಲ್ಲ. ಮನೆಗೆ ಜನ ಬಂದರಲ್ಲ ಎಂಬಂತೆ ಎದ್ದು ಕುರ್ಚಿ ಒರೆಸಿದ. ಫೋನಿನಲ್ಲಿ ನಕ್ಷೆ ತೆರೆದೇ ಇತ್ತು, ಅದರ ಮೇಲೆ ಕಾರು ಇರುವಲ್ಲೊಂದು ನೀಲಿ ಚುಕ್ಕೆ.

"ಒಪ್ಪಿಗೆ ಒತ್ತಿದ್ದು ನೀನಾ?"

"ನಾನೇ ಸಾ. ಬ್ರೇಕು ಸರಿ ಇಲ್ಲ, ಬೇಗ ಮಾಡಿ ಅಂತ ಅನ್ನೊಂದ್ ದಿನದಿಂದ ಮೆಸೇಜು ಬತ್ತಿತ್ತು."

"ಶೋಯಬ್‌ಗೆ ಯಾಕ್ ಹೇಳ್ಲಿಲ್ಲ?"

"ಯೋಳಿದ್ರೆ ಈ ಚುಕ್ಕೆ ನನ್ ಫೋನಿಂದ ಓಗ್ಬುಡ್ತಿತ್ತಲ್ಲ ಸಾ."

ಮೂರ್ಛೆ ರೋಗ ಬಂದು ಅವನ ಲೈಸೆನ್ಸು ಹೋಗಿತ್ತು. ಹದಿನಾರು ವರ್ಷ ಊರೂರಿನ ಜನರ ಮಾತು ಕೇಳುತ್ತ ಗಾಡಿ ಓಡಿಸಿದವನು ಈಗ ದಿನವಿಡೀ ಆ ಚುಕ್ಕೆಯ ಜೊತೆ ತಿರುಗುತ್ತಿದ್ದ. ಚುಕ್ಕೆ ಪಾಂಡವಪುರ ಬಿಟ್ಟರೆ ಇವನೂ ಮುಖ ತೊಳೆಯುವನು. ಅದು ನಿಂತಲ್ಲಿ ಇವನೂ ಟೀ ಕುಡಿಯುವನು.

"ಅವತ್ತು ಕಾರಲ್ಲಿ ಕಾಯಿಲೆಯವರಿದ್ರು ಕಣಯ್ಯ."

"ಅಯ್ಯೋ, ಗೊತ್ತಿರ್ನಿಲ್ಲ ಸಾ. ರಾತ್ರಿ ಅವ್ನ ಮನೆತ್ರ ಸಿಗ್ನಲ್ ಸಿಗಾಕಿಲ್ಲ, ಅದ್ಕೇ ಹಗಲೊತ್ತು ಒತ್ತಿದ್ದು. ಆ ಓಟ್ಲು ಮುಂದೆ ಡ್ರೈವರ್‌ಗಳು ನಿಲ್ಲೋದೇ ತಿಂಡಿಗೆ. ಕೂತ್ರೆ ಮುಕ್ಕಾಲ್ ಗಂಟೆ ಏಳಾಕಿಲ್ಲ. ಅಷ್ಟ್ರಲ್ಲಿ ಮುಗೀತದೆ, ಯಾರ್ಗೂ ಗೊತ್ತಾಗಾಕಿಲ್ಲ ಅನ್ಕಂಡೆ."

ಶಿವಶಂಕರ್ ಫೋನು ಎತ್ತಿಕೊಂಡು ಆ ಚುಕ್ಕೆಯನ್ನು ನೋಡಿದರು. ತಮ್ಮೊಡನೆ ಮಾತು ಬಿಟ್ಟ ಮಗಳು ಚಿನ್ನು ಆನ್‌ಲೈನ್ ಇದ್ದಾಳೆಯೇ ಎಂದು ದಿನಾ ಬೆಳಿಗ್ಗೆ ನೋಡಿ ಫೋನು ಕೆಳಗಿಡುವವರು ಅವರು. ಆದರೂ ಕಾನೂನು ಕಾನೂನೇ. ಫೋನನ್ನು ಮಹಜರಿನಲ್ಲಿ ಜಪ್ತಿ ಮಾಡಿ, ಕುಳ್ಳಯ್ಯನನ್ನು ಜೀಪು ಹತ್ತಿಸಿದರು.

ಠಾಣೆಯಲ್ಲಿ ಬಂಧನ ಪತ್ರದ ಒಂದು ಕಲಂ ಖಾಲಿ ಉಳಿಯಿತು. ಬಂಧನದ ವಿಷಯ ಯಾರಿಗೆ ತಿಳಿಸಬೇಕು?

"ಹೆಂಡ್ತಿ?"

"ಮದ್ವೆ ಆಗ್ನಿಲ್ಲ ಸಾ."

"ಅಣ್ಣ ತಮ್ಮಂದಿರು?"

"ಮಾತಿಲ್ಲ."

"ಸ್ನೇಹಿತರು ಯಾರಾದ್ರೂ?"

"ಶೋಯಬ್‌ಗೆ ಯೋಳಿ ಸಾ."

"ಅವ್ನು ನಿನ್ ಮೇಲೆ ದೂರು ಕೊಟ್ಟೋನಯ್ಯ!"

"ಗೊತ್ತು ಸಾ. ಇನ್ಯಾರವ್ರೆ?"

ಶಿವಶಂಕರ್ ಹಾಗೆಯೇ ಬರೆದುಕೊಂಡರು. ಆಸ್ಪತ್ರೆಯಲ್ಲಿದ್ದ ಶೋಯಬ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದರು. ತಾಯಿ ಬೆಳಿಗ್ಗೆ ಕಣ್ಣು ಬಿಟ್ಟರೆಂದು ಅವನು ತಿಳಿಸಿದ.

"ಶೋಯಬ್, ಇದ್ದೀಯೇನಪ್ಪ?"

"ಇದ್ದೀನಿ ಸಾರ್. ಕಾರು ಕೊಡುವಾಗ ಕುಳ್ಳಯ್ಯಣ್ಣ ಒಂದೇ ಮಾತು ಕೇಳಿದ್ದು. ಕೆ.ಆರ್. ಪೇಟೆ ಕಡೆ ಬಂದ್ರೆ ನನ್ ರೂಮತ್ರ ಒಂದ್ಸಲ ಆರನ್ ಹೊಡಿ ಅಂತ. ಏಳು ತಿಂಗ್ಳಲ್ಲಿ ಆ ಕಡೆ ಎಷ್ಟ್ ಸಲ ಹೋದ್ನೋ ಲೆಕ್ಕ ಇಲ್ಲ ಸಾರ್. ಒಂದ್ಸಲಾನೂ ಹೊಡೀಲಿಲ್ಲ."

ಶಿವಶಂಕರ್ ಕಲಮಿನ ಮುಂದೆ ವೇಳೆ ಬರೆದರು: 6.05. ಬೆಂಚಿನ ಮೇಲಿದ್ದ ಕುಳ್ಳಯ್ಯ ಕತ್ತೆತ್ತಿ, "ಏನಂದ ಸಾ?" ಎಂದು ಕೇಳಿದ.